ಹುಳಿಸೊಪ್ಪಿನ ಮೂಲೆ

ಸ್ಮಶಾನದ ಮಾಲಿ ಕುಡುಗೋಲನ್ನು ಬೆನ್ನ ಹಿಂದೆ ಹಿಡಿದು ಮೂಲೆಯ ಹುಲ್ಲಿಗೆ ಅಡ್ಡ ನಿಂತ.

“ಕೊಯ್ಯಯ್ಯಾ ಅಂದ್ರೆ! ಜನ ಎಲ್ಲಿ ನಿಲ್ಬೇಕು, ನನ್ನ ತಲೆ ಮೇಲಾ?” ಸತ್ತವಳ ಅಣ್ಣ ರೇಗಿದರು.

“ಬರ್ಲಿ ಸಾರ್. ಬಂದ್ಮೇಲೆ ಕೊಯ್ತೀನಿ.”

“ಪೇಪರಲ್ಲಿ ಹಾಕ್ಸಿದೀನಿ. ಟೆಲಿಫೋನ್ ಆಫೀಸಲ್ಲಿ ಜೀವಮಾನವೆಲ್ಲ ಊರಿಗೆ ಲೈನ್ ಕೊಟ್ಟವಳು ನನ್ನ ತಂಗಿ. ಒಬ್ರಿಬ್ರಾ ಬರೋದು?”

ತೋಡಿದ ಗುಂಡಿಯ ಪಕ್ಕದಲ್ಲಿ ಪೆಟ್ಟಿಗೆ ಇತ್ತು. ಅತ್ತಿಗೆ ಖಾಲಿ ಗೇಟಿನಿಂದ ಕಣ್ಣು ಕಿತ್ತು ಮಾಲಿಯನ್ನು ಕೇಳಿದರು: “ವಾರವಾರ ಇಲ್ಲಿಗೆ ಬರ್ತಿದ್ಲಂತೆ. ನಮ್ಮೋರ್ಯಾರೂ ಇಲ್ಲಿಲ್ಲ. ಯಾರನ್ನ ನೋಡೋಕೆ?”

“ನಾನೂ ಗಂಡನ ಗೋರಿಗೆ ಅಂದ್ಕೊಂಡಿದ್ದೆ ಅಮ್ಮಾ.”

“ಮದ್ವೇನೇ ಆಗಿರ್ಲಿಲ್ವಲ್ಲೋ!”

ಆಗ ಮಾಲಿ ನಡೆದದ್ದನ್ನು ಹೇಳಿದ.

*

ಒಂದು ದಿನ ಅವಳು ಇದೇ ಹುಲ್ಲಿನಲ್ಲಿ ಮಂಡಿಯೂರಿ ಕೂತಿದ್ದಳು. ಅಳುತ್ತಿದ್ದಾಳೆಂದು ಅವನು ನೀರು ತಂದರೆ, ತೋಳು ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು. ಉಗುರಿನಷ್ಟೇ ದೊಡ್ಡ ನೀಲಿ ಚಿಟ್ಟೆಯೊಂದು ರೆಕ್ಕೆ ಮುಚ್ಚಿ ಕೂತಿತ್ತು.

“ರೆಕ್ಕೆಯ ಚುಕ್ಕೆ ನೋಡು. ಸಾಲಾಗಿವೆಯಾ, ಒಂದು ಒಳಗೆ ಸರಿದಿದೆಯಾ?”

“ಸಾಲಾಗಿವೆ ಅಕ್ಕಾ.”

“ಹಾಗಾದ್ರೆ ನಮ್ದೇ. ಇದಕ್ಕೆ ಹೂವು ಯಾವ್ದಾದ್ರೂ ಆದೀತು. ಮರಿಹುಳಕ್ಕೆ ಮಾತ್ರ ಈ ಸೊಪ್ಪೇ ಬೇಕು.” ಮೂರೆಲೆಯ ಪುಟ್ಟ ಕುಡಿಯೊಂದನ್ನು ಚಿವುಟಿ ಕೊಟ್ಟಳು. “ಅಗಿ. ಹುಳಿ ಇದ್ರೆ ಇದೇ.”

ಅವನ ಮುಖ ಕಿವುಚಿಕೊಂಡದ್ದಕ್ಕೆ ಅವಳು ಮನಸಾರೆ ನಕ್ಕಳು. ಆಮೇಲೆ ಅಂದಳು: “ಈ ವಾರ ನಾನು ಮಾತಾಡಿದ್ದು ನಿನ್ನೊಬ್ಬನ ಹತ್ರಾನೇ ಕಣೋ.” ಅಂದಿನಿಂದ ಆ ಮೂಲೆಗೆ ಅವನು ಕುಡುಗೋಲು ತಾಗಿಸಿರಲಿಲ್ಲ.

*

“ಹುಳಕ್ಕೋಸ್ಕರ ಜನಾನ ಬಿಸಿಲಲ್ಲಿ ನಿಲ್ಲಿಸ್ತೀಯಾ?” ಅಣ್ಣ ಗೊಣಗಿ ಗೇಟಿನವರೆಗೂ ಹೋದರು. ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬಹಳ ಹೊತ್ತಿನ ಮೇಲೆ ಹಿಂದಿರುಗಿದಾಗ ಮುಖ ಪೆಚ್ಚಾಗಿತ್ತು.

“ಇನ್ನು ಕಾಯೋದು ಬೇಡ ಕಣ್ರೀ,” ಎಂದರು ಅತ್ತಿಗೆ ಮೆಲ್ಲಗೆ.

“ಒಬ್ರೂ ಬರ್ಲಿಲ್ವಲ್ಲೇ!” ಅಣ್ಣನಿಗೆ ದುಃಖ ಒತ್ತರಿಸಿ ಬಂತು. ಹೆಂಡತಿಯ ಹೆಗಲಿಗೆ ಹಣೆಯಿಟ್ಟು ಮಗುವಿನಂತೆ ಅತ್ತರು.

ಪೆಟ್ಟಿಗೆ ಇಳಿಸಲೂ ಕೈಗಳು ಸಾಲದೆ, ವ್ಯಾನಿನ ಡ್ರೈವರನ್ನು ಕರೆಯಬೇಕಾಯಿತು. ಅವನೂ ಮಾಲಿಯೂ ಮಣ್ಣಿನ ಬದಿಗೆ ನಿಂತರು. ಅಣ್ಣ ನಿಲ್ಲಬೇಕಾದ ಬದಿ ಹುಲ್ಲಿನದು. ಅವರು ಹಗ್ಗ ಹಿಡಿದು ಬೂಟುಗಾಲು ಎತ್ತಿದರು. ಸೊಪ್ಪಿನಿಂದ ನೀಲಿಯ ಚೂರುಗಳೆದ್ದು, ಮತ್ತೆ ಅಲ್ಲೇ ಕೂತವು.

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

“ಎಲ್ಲಿ ಇಡ್ಲಯ್ಯಾ?” ಎಂದರು ಅಣ್ಣ.