ಲೇಪಾಕೋವಾಳ ಹೆಸರಿನ ಹಾಡು

ಮದುವೆಯಾದ ಹೊಸತರಲ್ಲಿ ಕಲ್‌ಫಾವ್ ಹೆಂಡತಿಯ ಮೇಲೆ ಒಂದು ಹಾಡು ಕಟ್ಟಿದ್ದ. ಅವಳ ದ್ವೀಪ, ಅವಳು ಬಂದಿಳಿದ ದೋಣಿ ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ ಅವಳ ಹೆಸರು, ಲೇಪಾಕೋವಾ. ಎತ್ತರದ ದನಿಯಲ್ಲಿ ಅವನು ಆ ಹೆಸರನ್ನು ಕೂಗಿದ ಮೇಲೆಯೇ ಗಿಟಾರುಗಳು ನಿಲ್ಲುತ್ತಿದ್ದವು. ಬರಬರುತ್ತ ಪೋರ್ಟ್ ವಿಲಾ ಪಟ್ಟಣವೇ ಆ ಹಾಡನ್ನು ತನ್ನದಾಗಿಸಿಕೊಂಡಿತು. ಚಂಡಮಾರುತ ಮನೆಗಳನ್ನು ಕೆಡವಿದ ಮರುದಿನ ಜನ ಹಾರಿಹೋದ ತಗಡು ಹೆಕ್ಕುತ್ತ ಅದನ್ನೇ ಗುನುಗಿದ್ದರು.

ಈಗ ಲೇಪಾಕೋವಾ ದೇವರ ಪಾದ ಸೇರಿದ್ದಳು. ನೂರನೆಯ ದಿನದ ಊಟ ಮುಗಿಯುವವರೆಗೆ ಗಂಡ ಗಡ್ಡ ತೆಗೆಯುವಂತಿಲ್ಲ. ಅವಳ ಮನೆತನದ ಪದ್ಧತಿಯಂತೆ ಅಲ್ಲಿಯವರೆಗೆ ಸತ್ತವಳ ಹೆಸರನ್ನೂ ಅವನು ಎತ್ತುವಂತಿಲ್ಲ. ನಾದಿನಿ ರಾಹೇಲ್ ಮೊದಲೇ ಹೇಳಿದ್ದಳು: “ಬಾವ, ಅಕ್ಕನ ಹೆಸ್ರು ನಿಮ್ಮ ಬಾಯಿಂದ ಬಿತ್ತೋ, ನಮ್ಮೋರ್ಯಾರೂ ಊಟಕ್ಕೆ ಕೂರಲ್ಲ. ಆಮೇಲೆ ನೀವ್ಯಾರೋ, ನಾವ್ಯಾರೋ.”

ಕಲ್‌ಫಾವ್ ಬಾಯಿ ಕಟ್ಟಿಕೊಂಡ. ಆದರೆ ಬಸ್ಸಿನಲ್ಲಿ, ಸಂತೆಯಲ್ಲಿ, ಪಕ್ಕದ ಮನೆಯ ರೇಡಿಯೋದಲ್ಲಿ ಅದೇ ಹಾಡು. ಅಳುವುದಕ್ಕೊಂದು ಮೂಲೆ ಕೊಡು ತಂದೆಯೇ ಎಂದು ಅವನು ದೇವರನ್ನು ಬೇಡುತ್ತಿದ್ದ.

ಅಷ್ಟರಲ್ಲಿ ಅದು ಪಟ್ಟಣದ ಹಾಡೆಂದು ಪುರಸಭೆ ಸಾರಿತು. ಸಮುದ್ರದಂಡೆಯಲ್ಲಿ ಹಬ್ಬ ನಿಗದಿಯಾಯಿತು. ಅಲ್ಲಿ ಹಾಡಬೇಕಿದ್ದ ಅವನ ಹಳೆಯ ತಂಡದಲ್ಲಿ ಬಾಸ್ ವಾದ್ಯ ನುಡಿಸುವವನು ಜ್ವರ ಹಿಡಿದು ಮಲಗಿದ್ದ. ಕಲ್‌ಫಾವನ ಅಕ್ಕನ ಮಗ ಒಬೇದ್ ಬಂದು ಕಾಲು ಹಿಡಿದ.

“ಹಾಡೋದು ಬೇಡ ಮಾವ, ಹೆಸ್ರು ನಾನು ಕೂಗ್ತೀನಿ. ನೀನು ಸುಮ್ನೆ ಮೋಶೆ ಥರ ಗಡ್ಡ ಬಿಟ್ಕೊಂಡು ಹಿಂದೆ ನಿಂತ್ಕೋ.”

ಅದನ್ನು ನಂಬಿ ಕಲ್‌ಫಾವ್ ಹೋದ. ಚಹಾಪೆಟ್ಟಿಗೆಯ ಮೇಲೆ ಕೋಲು ನಿಲ್ಲಿಸಿ ಕಟ್ಟಿದ ಒಂಟಿ ತಂತಿಯ ಬಾಸನ್ನು ಮೀಟುತ್ತ ನಿಂತ.

ಕೊನೆಯ ಸಾಲು ಬಂತು. ಒಬೇದ್ ಕೂಗಿದ; ದನಿ ಅರ್ಧಕ್ಕೇ ಒಡೆಯಿತು. ಕಲ್‌ಫಾವನ ದನಿಗೇ ಪಳಗಿದ ಗಿಟಾರುಗಳು ನಿಲ್ಲದೆ ಮತ್ತೆ ಮೊದಲ ಸಾಲಿಗೆ ತಿರುಗಿದವು. ಜನ ನಕ್ಕು ಕುಣಿದರು. ಮರುಸುತ್ತಿನಲ್ಲೂ ಹಾಗೆಯೇ ಆಯಿತು. ಹಾಡು ಮುಗಿಯದೆ ಕುಣಿತ ಬಿಟ್ಟು ಹೋಗುವ ಪದ್ಧತಿ ಅಲ್ಲಿಲ್ಲ. ಮುದುಕಿಯರು ಬೆವರುತ್ತ, ಏದುಸಿರು ಬಿಡುತ್ತ ಹೆಜ್ಜೆ ಹಾಕುತ್ತಲೇ ಇದ್ದರು. ಒಬ್ಬಳು ಎದೆ ಹಿಡಿದುಕೊಂಡಿದ್ದಳು. ಕಲ್‌ಫಾವ್ ಕೋಲು ಬಿಟ್ಟರೆ ತಾಳ ಹೋಗಿ ಅವರ ಹೆಜ್ಜೆ ತಪ್ಪುತ್ತದೆ. ಅವನ ದನಿ ಏಳದಿದ್ದರೆ ಹಾಡು ನಿಲ್ಲುವುದಿಲ್ಲ.

“ಮುಗ್ಸು ಮಾವ,” ಎಂದ ಒಬೇದ್, ತಿರುಗಿ ನೋಡದೆ.

ಆಲದ ಕೆಳಗೆ ರಾಹೇಲ್ ತನ್ನವರೊಂದಿಗೆ ನಿಂತಿದ್ದಳು. ಕಲ್‌ಫಾವ್ ಅವಳ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು.

ಎದೆ ಹಿಡಿದಿದ್ದ ಮುದುಕಿ ಮುಗ್ಗರಿಸಿದಳು. ಕಲ್‌ಫಾವ್ ಕಣ್ಣು ಮುಚ್ಚಿ ಹೆಂಡತಿಯ ಹೆಸರನ್ನು ಕೂಗಿದ.

ಗಿಟಾರುಗಳು ಥಟ್ಟನೆ ನಿಂತವು. ಮುದುಕಿಯನ್ನು ಯಾರೋ ನೆರಳಿಗೆ ಕೂರಿಸಿದರು. ಅವನು ಕಣ್ಣು ತೆರೆದಾಗ ಆಲದ ಕೆಳಗೆ ಯಾರೂ ಇರಲಿಲ್ಲ.

“ಇನ್ನೊಂದ್ಸಲ,” ಎಂದಿತು ಪಟ್ಟಣ.