ಕಿವಿ ಮೇಸ್ತ್ರಿಯ ತಾಮ್ರದ ಕೊಳವೆ

ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಪುಕ್ಕಟೆ ಬಂದದ್ದಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದ ಆಸಾಮಿ. ಟರ್ಬೊ ಇರುವ ಸ್ಪೋರ್ಟ್ಸ್ ಕಾರು ಕೊಂಡು, ಅದರ ಓಟ ಸಾಲದೆಂದು ಕೊರಗುವವರೆಲ್ಲ ಅವನ ಗ್ಯಾರೇಜನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಹೆಂಡತಿ ಅವರಿಗೆಲ್ಲ ಅಕ್ಕ. ಫೋನಿಗೆ ಉತ್ತರ ಕೊಡುವುದು, ಬಿಡಿಭಾಗ ತರಿಸುವುದು, ಮಾತು ಕೊಟ್ಟ ದಿನಕ್ಕೆ ಕಾರು ಮುಗಿಯದಿದ್ದರೆ ಬೈಸಿಕೊಳ್ಳುವುದು, ಎಲ್ಲವೂ ಅಕ್ಕನ ಪಾಲು. ಪರೀಕ್ಷೆಯ ದಿನ ಕಾರು ಓಡಿಸುವುದೂ ಅವಳೇ. ಕೇಳುವವನಿಗೆ ಕೇಳುವುದೊಂದೇ ಕೆಲಸ ಇರಬೇಕು ಎಂಬುದು ಮೇಸ್ತ್ರಿಯ ಹಟ.

ಅವನು ಕೇಳುತ್ತಿದ್ದದ್ದೂ ಬರಿಗಿವಿಯಲ್ಲಲ್ಲ. ಒಂದು ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ ಎಂಜಿನ್ನಿಗೆ ಬೋಲ್ಟು ಹಾಕಿ ಬಿಗಿಯುತ್ತಿದ್ದ. ಇನ್ನೊಂದು ತುದಿಗೆ ರಬ್ಬರ್ ಪೈಪು. ಅದು ಬಾನೆಟ್ಟಿನ ಸಂದಿಯಿಂದ ಕಿಟಕಿಯೊಳಗೆ ಬಂದು ಅವನ ಎರಡೂ ಕಿವಿ ಮುಚ್ಚುವ ದಪ್ಪ ಬಟ್ಟಲುಗಳನ್ನು ಸೇರುತ್ತಿತ್ತು. ಟರ್ಬೊ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಹೆಚ್ಚು ತುರುಕಿದಷ್ಟು ಹೆಚ್ಚು ಜೋರು. ಅತಿಯಾದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಒಳಗೆ ಸಣ್ಣಗೆ ಟಕಟಕ ಎನ್ನುತ್ತದೆ. ಆಗಲೇ ಮೇಸ್ತ್ರಿ ಕೈ ಎತ್ತಬೇಕು, ಅಕ್ಕ ಕಾಲು ತೆಗೆಯಬೇಕು. ತಡವಾದರೆ ಪಿಸ್ಟನ್ ಕರಗಿ ಎಂಜಿನ್ನಿನ ಕಥೆ ಮುಗಿಯಿತು.

ಹೋದ ತಿಂಗಳು ಬೇಕರಿಯವನ ಕಾರಿಗೆ ಆದದ್ದು ಅದೇ. ಗ್ಯಾರೇಜಿನಿಂದ ಹೊರಬಿದ್ದ ಒಂದೇ ವಾರದೊಳಗೆ ಹೊಗೆ ಉಗುಳಿ ನಿಂತಿತ್ತು. ಕೆಟ್ಟ ಪೆಟ್ರೋಲು ಎಂದ ಮೇಸ್ತ್ರಿ. ಮೇಸ್ತ್ರಿಯ ಕಿವಿಯನ್ನು ಅನುಮಾನಿಸುವುದುಂಟೇ? ಬೇಕರಿಯವನು ತನ್ನ ಹಣೆಬರಹವನ್ನು ಶಪಿಸಿ ಸುಮ್ಮನಾದ. ಅಕ್ಕನೂ ತುಟಿ ಬಿಚ್ಚಲಿಲ್ಲ. ಆದರೆ ಫೋನು ಬಡಿದುಕೊಂಡರೂ ತನಗೆ ಸಂಬಂಧವಿಲ್ಲ ಎಂಬಂತೆ ಗಂಡ ಕೂತಿರುವುದು, ಕುಕ್ಕರ್ ಸೀಟಿ ಹೊಡೆದರೂ ತಲೆ ಎತ್ತದಿರುವುದು ಅವಳ ಕಣ್ಣಿಗೆ ಬಿದ್ದೇ ಇತ್ತು. ನೋಡಿಯೂ ನೋಡದ ಹಾಗಿದ್ದಳು. ಕಿವಿ ಹೋದ ಕಿವಿ ಮೇಸ್ತ್ರಿಯ ಹತ್ತಿರ ಯಾರು ಬಂದಾರು ಎಂಬ ಭಯ ಅವಳಿಗೂ ಇತ್ತಲ್ಲ.

ಈಗ ಗ್ಯಾರೇಜಿನಲ್ಲಿದ್ದದ್ದು ಹಲ್ಲಿನ ಡಾಕ್ಟರಮ್ಮನ ಕೆಂಪು ಕಾರು. ಎರಡೇ ಬಾಗಿಲಿನದು, ಹಳೆಯದು, ಆಯಮ್ಮನ ಕಣ್ಮಣಿ. ಬಂದ ದಿನವೇ ಜೋರು ಬೇಕು ಎಂದವರಿಗೆ ಮೇಸ್ತ್ರಿ, "ಮೊದ್ಲು ಉಸಿರಾಡೋಕೆ ಬಿಡಿ, ಆಮೇಲೆ ಓಡ್ಸೋಣ" ಎಂದಿದ್ದ. ಬಿರುಕು ಬಿಟ್ಟ ಪೈಪುಗಳನ್ನು ತೆಗೆದ, ಪ್ಲಗ್ಗು ಬದಲಿಸಿದ. ಗಾಳಿ ಸಲೀಸಾಗಿ ಬರಲು ಹೊಸ ಫಿಲ್ಟರು, ಹೊಗೆ ಸಲೀಸಾಗಿ ಹೋಗಲು ಅಗಲವಾದ ಸೈಲೆನ್ಸರು, ಟರ್ಬೊದಿಂದ ಬಿಸಿಯಾಗಿ ಬರುವ ಗಾಳಿಯನ್ನು ತಣಿಸಲು ದೊಡ್ಡ ಇಂಟರ್‌ಕೂಲರ್ ಹಾಕಿದ. ಕೈಯ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೊನೆಗೆ ಉಳಿದದ್ದು ಗಾಳಿಯ ಒತ್ತಡ ಏರಿಸುವ ಹಿತ್ತಾಳೆಯ ಸ್ಕ್ರೂ. ಅದಕ್ಕೆ ಕೈ ಸಾಲದು, ಕಿವಿ ಬೇಕು.

ಬೆಳಿಗ್ಗೆ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿ ಇಬ್ಬರೂ ಊರಾಚೆಯ ಏರುರಸ್ತೆಗೆ ಹೋದರು. ಮೇಸ್ತ್ರಿ ಬಟ್ಟಲು ಹಾಕಿಕೊಂಡು ಕಣ್ಣು ಮುಚ್ಚಿದ. ಅಕ್ಕ ಮೂರನೇ ಗೇರಿನಲ್ಲಿ ಪೆಡಲು ಒತ್ತಿದಳು. ಕಾರು ಬೆನ್ನಿಗೆ ಗುದ್ದಿದ ಹಾಗೆ ಮುಂದೆ ನುಗ್ಗಿತು. ಬೇಕರಿಯವನ ಕಾರು ನೆನಪಾಗಿ ಅವಳು ಏರು ಅರ್ಧ ಮುಗಿಯುವ ಮೊದಲೇ ಕಾಲು ತೆಗೆದಳು.

"ಯಾಕೆ ಬಿಟ್ಟೆ?" ಎಂದ ಮೇಸ್ತ್ರಿ, ಒಂದು ಬಟ್ಟಲು ಸರಿಸಿ.

"ನಾಯಿ ಅಡ್ಡ ಬಂತು."

ಮೇಸ್ತ್ರಿ ಬಟ್ಟಲನ್ನು ಮತ್ತೆ ಕಿವಿಗೆ ಒತ್ತಿಕೊಂಡ. ಮತ್ತೆ ಕೆಳಗಿನಿಂದ ಬಂದರು. ಈ ಸಲ ಅಕ್ಕ ಹಲ್ಲು ಕಚ್ಚಿ ಕೊನೆಯವರೆಗೂ ಒತ್ತಿದಳು. ಅವನ ಕೈ ಮಡಿಲು ಬಿಟ್ಟು ಏಳಲಿಲ್ಲ.

"ಸ್ವಚ್ಛವಾಗಿದೆ," ಎಂದ. "ಸ್ಕ್ರೂಗೆ ಇನ್ನೂ ಕಾಲು ಸುತ್ತು ಕೊಡು."

ಅಕ್ಕ ಸ್ಕ್ರೂಡ್ರೈವರ್ ಹಿಡಿದು ಇಳಿದು ಬಾನೆಟ್ಟು ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ರಬ್ಬರ್ ಪೈಪು ತಾಮ್ರದ ಕೊಳವೆಯಿಂದ ಕಳಚಿ ಬ್ಯಾಟರಿಯ ಮೇಲೆ ಬಿದ್ದಿತ್ತು. ಹೊರಡುವ ಗಡಿಬಿಡಿಯಲ್ಲಿ ಅವಳೇ ಕ್ಲಿಪ್ಪು ಬಿಗಿಯಲು ಮರೆತಿದ್ದಳು. ಅಂದರೆ ಇಷ್ಟು ಹೊತ್ತು ಗಂಡ ಕಣ್ಣು ಮುಚ್ಚಿ ಕೇಳಿದ್ದು ಏನನ್ನೂ ಅಲ್ಲ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾನೆಟ್ಟಿನ ಪಕ್ಕದಿಂದ ಇಣುಕಿ, ಆ ದಪ್ಪ ಬಟ್ಟಲುಗಳ ನಡುವೆ ಅವನ ಮುಖ ನೋಡಿದೊಡನೆ ಪಾಪವೂ ಅನ್ನಿಸಿತು. ಎರಡನ್ನೂ ಹೊತ್ತುಕೊಂಡೇ ಹೋಗಿ ಅವನ ಕಡೆಯ ಬಾಗಿಲು ತೆಗೆದು, ಪೈಪಿನ ತುದಿಯನ್ನು ಅವನ ಮುಂದೆ ಹಿಡಿದಳು. ಮೇಸ್ತ್ರಿ ಪೈಪು ನೋಡಿದ, ಅವಳನ್ನು ನೋಡಿದ, ಬಟ್ಟಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಯಾವಾಗಿಂದ?" ಎಂದು ಕೇಳಿದಳು ಅಕ್ಕ.

"ಸಣ್ಣ ಸದ್ದು ಹೋಗಿ ಬಹಳ ದಿನ ಆಯ್ತು. ದಪ್ಪ ಸದ್ದು ಇನ್ನೂ ಇದೆ. ನಿನ್ನ ಬೈಗುಳಕ್ಕೇನೂ ತೊಂದ್ರೆ ಇಲ್ಲ."

"ತಮಾಷೆ ಬೇಡ. ಬೇಕರಿಯವನ ಕಾರೂ ಹೀಗೇನಾ?"

"ಹೀಗೇ," ಎಂದ ಅವನು. "ಕಿವಿ ಹೋಯ್ತು ಅಂತ ಹೇಳ್ಬಿಟ್ರೆ ಆಮೇಲೆ ನಾನ್ಯಾರು, ಹೇಳು."

ಅಕ್ಕ ಪೈಪು ಕೆಳಗಿಳಿಸಿದಳು. "ನಂದೂ ತಪ್ಪಿದೆ," ಎಂದಳು. "ಗೊತ್ತಿದ್ದೂ ಸುಮ್ನಿದ್ದೆ. ಆಗ ನಾಯಿನೂ ಬಂದಿರ್ಲಿಲ್ಲ."

"ಗೊತ್ತು. ನಾನು ಕಣ್ಣು ಪೂರ್ತಿ ಮುಚ್ಚಿರ್ಲಿಲ್ಲ."

ಅಕ್ಕನಿಗೆ ನಗು ಬಂದುಬಿಟ್ಟಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪೈಪು ಕೂರಿಸಿ ಕ್ಲಿಪ್ಪು ಬಿಗಿದು, ಅವನನ್ನು ಸ್ಟೀರಿಂಗಿನ ಕಡೆಗೆ ದೂಡಿದಳು. ಸ್ಕ್ರೂ ಮುಟ್ಟಲಿಲ್ಲ. ಬಟ್ಟಲು ತನ್ನ ಕಿವಿಗೆ ಹಾಕಿಕೊಂಡಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಅದನ್ನು ಅವಳಿಗೆ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಕಾರು ಏರು ಹತ್ತಿತು. ಮೊದಮೊದಲು ಬರೀ ಗುಡುಗು. ಅರ್ಧ ದಾರಿ ದಾಟುತ್ತಿದ್ದಂತೆ ಗುಡುಗಿನೊಳಗಿನಿಂದ ಬೇರೇನೋ ಕೇಳಿಸಿತು. ಅಕ್ಕ ತಟ್ಟನೆ ಕೈ ಎತ್ತಿದಳು, ಅವನು ಆ ಕ್ಷಣವೇ ಕಾಲು ತೆಗೆದ. ಕಾರನ್ನು ಬದಿಗೆ ನಿಲ್ಲಿಸಿ ಅವಳ ಕಡೆ ತಿರುಗಿದ.

"ಹೇಗಿತ್ತು?"

"ತಗಡಿನ ಡಬ್ಬೀಲಿ ಕಾಳು ಹಾಕಿ ಅಲ್ಲಾಡ್ಸಿದ ಹಾಗೆ."

"ಹೌದು," ಎಂದ ಮೇಸ್ತ್ರಿ. "ಹಾಗೇ ಇರ್ತಿತ್ತು."

ಅವನೇ ಇಳಿದು ಹೋಗಿ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಅವಳ ಕೈ ಏಳುವುದು ನಿಲ್ಲುವವರೆಗೂ ಏರು ಹತ್ತಿ ಇಳಿದರು. ಕಾರಿಗೆ ಮೊದಲಿಗಿಂತ ಜೋರು ಬಂದಿತ್ತು, ಅವನು ಅಂದುಕೊಂಡಷ್ಟಲ್ಲ. ಡಾಕ್ಟರಮ್ಮನಿಗೆ ಅಷ್ಟು ಸಾಕು, ಎಂಜಿನ್ನೂ ಉಳಿಯುತ್ತದೆ.

ಗ್ಯಾರೇಜಿನಲ್ಲಿ ಕೀಲಿ ತೆಗೆದುಕೊಳ್ಳುತ್ತಾ ಡಾಕ್ಟರಮ್ಮ, "ನೀವೇ ಕೇಳಿ ನೋಡಿದ್ರಲ್ವಾ ಮೇಸ್ತ್ರಿ?" ಎಂದರು. ಅಕ್ಕ ಗಂಡನ ಮುಖ ನೋಡಿದಳು.

"ಇಲ್ಲ," ಎಂದ ಅವನು. "ಇವ್ಳು ಕೇಳಿದ್ಲು. ನಾನು ಓಡ್ಸಿದ್ದಷ್ಟೇ. ನನ್ನ ಕಿವಿ ಕೈಕೊಟ್ಟಿದೆ."

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿ ನೋಡಿದರು, ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡರು, ಹೋದರು. ಕೆಂಪು ಕಾರು ಬೀದಿಯ ತಿರುವು ದಾಟುವವರೆಗೂ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು, ಎಂದೂ ಮುಟ್ಟದ ಫೋನನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟ.

"ಬೇಕರಿಯವನಿಗೆ ಹಚ್ಚು. ಹೇಳೋದು ನಾನೇ ಹೇಳ್ತೀನಿ. ಫೋನಲ್ಲಿ ಅವನು ಬೈದದ್ದು ನನಗೆ ಕೇಳ್ಸಲ್ಲ, ನೀನು ಹೇಳು. ಒಂದನ್ನೂ ಬಿಡ್ಬೇಡ."