ಮುಖ ಒಂದು ಬಿಟ್ಟು

“ಇದರಲ್ಲಿ ಮುಖ ಎಲ್ಲಿದೆ ಸಾರ್?”

ಠಾಣೆಯ ಪೇದೆ ಅವನ ಫೋನಿನಲ್ಲಿದ್ದ ಪೆನ್ಸಿಲು ಚಿತ್ರಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದ. ಈರುಳ್ಳಿ ಸುಲಿಯುವ ಒಂದು ಮುದಿ ಕೈ. ಮುಂದಕ್ಕೆ ಸರಿಸಿದ. ಬಿರುಕು ಬಿಟ್ಟ ಹಿಮ್ಮಡಿ. ಬಗ್ಗಿದ ಬೆನ್ನು. ಕಿಟಕಿಯ ಬೆಳಕು ತೂರಿ ಕೆಂಪಾದ ಕಿವಿ. ಮತ್ತೆ ಕೈ. ಮತ್ತೂ ಕೈ.

“ಎಲ್ಲಾ ಅಮ್ಮನದೇ,” ಎಂದ ಅವನು.

“ಇರಬಹುದು. ಕೈ ನೋಡ್ಕೊಂಡು ಯಾರನ್ನ ಹುಡುಕೋದು?”

ಪಕ್ಕದ ಮೇಜಿನವನು ನಗು ಬಂದದ್ದನ್ನು ಕೆಮ್ಮಾಗಿ ತಿರುಗಿಸಿದ.

ತಲೆ ಕಪ್ಪಗಿದ್ದ ಕಾಲದಿಂದ ಅವನು ವಾರಪತ್ರಿಕೆಗೆ ಚಿತ್ರ ಬರೆಯುತ್ತ ಬಂದವನು. ಕತೆಗೆ, ಧಾರಾವಾಹಿಗೆ, ಮಕ್ಕಳ ಪುಟಕ್ಕೆ. ಗೀಚಪ್ಪ ಎಂದು ಅಡ್ಡಹೆಸರಿಟ್ಟವಳು ಅಮ್ಮ. ಅದು ಓಣಿಗೆಲ್ಲ ಹರಡಿ ನಿಜವಾದ ಹೆಸರು ಲಕೋಟೆಗಳ ಮೇಲೆ ಮಾತ್ರ ಉಳಿದಿತ್ತು. ಬೆಳಿಗ್ಗೆ ಎದ್ದು ಬಾಯಿಗೆ ನೀರು ಹಾಕುವ ಮೊದಲು ಏನಾದರೂ ಒಂದು ಬರೆಯಬೇಕು, ಇಲ್ಲದಿದ್ದರೆ ಕೈಗೆ ತುಕ್ಕು ಹಿಡಿಯುತ್ತದೆ ಎಂಬುದು ಅವನ ನೇಮ. ಆ ಹೊತ್ತಿಗೆ ಎದುರಿಗೆ ಸಿಗುತ್ತಿದ್ದವಳು ಅಡುಗೆಮನೆಯ ಕಿಟಕಿಯ ಪಕ್ಕ ಸ್ಟೂಲಿನಲ್ಲಿ ಕೂತ ಅಮ್ಮ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವನು ಹಿತ್ತಲ ಗಿಡವನ್ನೇ ಎಲೆ ಎಲೆಯಾಗಿ ಕಿತ್ತು ಬಳಸಿದ್ದ. ಅವಳ ಕೈ ಕತೆಯ ಒಬ್ಬ ಸೂಲಗಿತ್ತಿಗೆ ಹೋಯಿತು, ಬೆನ್ನು ಒಬ್ಬ ಭಿಕ್ಷುಕನಿಗೆ, ಕಿವಿ ಒಬ್ಬ ನ್ಯಾಯಾಧೀಶನಿಗೆ. ಮುಖದ ತಂಟೆಗೆ ಮಾತ್ರ ಹೋಗಿರಲಿಲ್ಲ. ಮುಖ ಬರೆದರೆ ಅದು ಅಮ್ಮ ಆಗುತ್ತದೆ, ಪಾತ್ರ ಆಗುವುದಿಲ್ಲ ಎಂದು ಒಂದು ಸಭೆಯಲ್ಲಿ ಹೇಳಿದ್ದ. ಜನ ತಲೆದೂಗಿದ್ದರು.

ಇವತ್ತು ಬೆಳಿಗ್ಗೆಯೂ ಅವಳು ನೀಲಿ ಸ್ವೆಟರ್ ತೊಟ್ಟು ಚಪ್ಪಲಿ ಮೆಟ್ಟಲು ಕಾಲೆತ್ತಿದ್ದಳು, ಅವನು ಬರೆಯುತ್ತಿದ್ದ. ಸ್ವಲ್ಪ ಹೊರಗೆ ಹೋಗಿಬರ್ಲಾ ಎಂದು ಕೇಳಿದಳು. ಈಚೆಗೆ ಮರೆವು ಬಂದಿದೆ, ಒಬ್ಬಳನ್ನೇ ಕಳಿಸಬೇಡಿ ಎಂದು ಡಾಕ್ಟರು ಹೇಳಿದ್ದು ಅವನಿಗೇ. ಚಿತ್ರದಲ್ಲಿ ಹಿಮ್ಮಡಿಯ ನೆರಳು ಇನ್ನೂ ಸರಿಯಾಗಿ ಕೂತಿರಲಿಲ್ಲ. ತಲೆ ಎತ್ತದೆ ಹ್ಞೂಂ ಎಂದ. ಬಾಗಿಲ ಸದ್ದು ಕಿವಿಗೆ ಬಿತ್ತು. ನೆರಳು ಚೆನ್ನಾಗಿಯೇ ಬಂತು.

ಪೇದೆಯ ಕೈಲಿ, ತಾನು ಸ್ನಾನಕ್ಕೆ ಹೋಗಿದ್ದಾಗ ಹೊರಟಳು ಎಂದು ಬರೆಸಿದ್ದ.

ಗುರುತಿನ ಚೀಟಿಯ ಫೋಟೋ ತೋರಿಸಿದ್ದೂ ಆಗಿತ್ತು. ಪೇದೆ ಅದನ್ನು ಬೆಳಕಿಗೆ ಹಿಡಿದು, ಇಂಥ ಚೀಟಿಯಲ್ಲಿ ನಾನೂ ಹೀಗೇ ಇದೀನಿ, ನಮ್ಮ ಸಾಹೇಬರೂ ಹೀಗೇ ಇದಾರೆ ಎಂದ. ಮನೆಯ ಗೋಡೆಯ ಮೇಲಿನ ಅವಳ ಮದುವೆಯ ಫೋಟೋದಲ್ಲಿರುವುದು ಇನ್ನೂ ಯಾರ ತಾಯಿಯೂ ಆಗದ ಹುಡುಗಿ. ಉಳಿದವುಗಳಲ್ಲಿ ಅಮ್ಮ ಇಲ್ಲ. ಎಲ್ಲರೂ ಸಾಲಾಗಿ ನಿಂತಾಗ ಒಲೆ ನೋಡಿಬರುತ್ತೇನೆಂದು ಎದ್ದುಹೋಗುವ ಅಭ್ಯಾಸ ಅವಳದು.

“ಚಿತ್ರ ಬರೆಯೋರು ಅಂದ್ರಲ್ಲ, ಬರೆದೇ ಕೊಡಿ,” ಎಂದ ಪೇದೆ. “ನಾಲ್ಕು ಕಡೆ ಅಂಟಿಸ್ತೀವಿ. ಬೆಳಕಿದ್ದಾಗ ಸಿಕ್ಕರೆ ಸರಿ. ರಾತ್ರಿ ಚಳಿ ಜಾಸ್ತಿ, ವಯಸ್ಸಾದೋರು...” ಮಿಕ್ಕದ್ದನ್ನು ಹೇಳದೆ ಪೆನ್ಸಿಲು ಮುಂದಿಟ್ಟ.

ಅವನು ಬರೆದ. ಕೈ ತಾನಾಗಿ ಓಡಿತು. ಇಳಿಬಿದ್ದ ರೆಪ್ಪೆ, ತುದಿಯಲ್ಲಿ ಸ್ವಲ್ಪ ಬಾಗಿದ ಮೂಗು, ಕೆಳಕ್ಕೆ ಜಾರಿದ ತುಟಿಯ ಕೊನೆ, ಗಲ್ಲದ ಮೇಲೆ ಬಲೆಯಂತೆ ಸುಕ್ಕು. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡಿದರು. ಅರ್ಧ ಮುಗಿಯುವಷ್ಟರಲ್ಲಿ ಅವನಿಗೆ ಗೊತ್ತಾಯಿತು.

ಇದು ಅಮ್ಮ ಅಲ್ಲ. ಪತ್ರಿಕೆಯ ಅಜ್ಜಿ. ಸಂಪಾದಕರು ‘ಈ ಕತೆಗೆ ನಮ್ಮಜ್ಜಿ ಬರಲಿ’ ಎಂದರೆ ಸಾಕು, ನಿದ್ದೆಗಣ್ಣಲ್ಲೂ ಬರೆದುಕೊಡುತ್ತಿದ್ದ ಮುಖ. ಮೂಗು ಹಿಂದೊಮ್ಮೆ ಕಂಡ ಸಿನಿಮಾ ಟಿಕೆಟ್ಟು ಕೊಡುವ ಹೆಂಗಸಿನದು. ರೆಪ್ಪೆ ಮೃಗಾಲಯದ ಆಮೆಯದು. ತುಟಿ ಎಲ್ಲಿಂದ ಬಂತೋ ಮರೆತಿತ್ತು.

ನಿಲ್ಲಿಸಿ ಹೇಳಬಹುದಿತ್ತು. ಆದರೆ ಸ್ವಂತ ತಾಯಿಯ ಮುಖ ನೆನಪಾಗುತ್ತಿಲ್ಲ ಎಂದು ಇಷ್ಟು ಜನರ ಎದುರು ಯಾವ ಬಾಯಲ್ಲಿ ಹೇಳುವುದು? ಹೇಳಬೇಕೋ ಬೇಡವೋ ಎನ್ನುವುದರೊಳಗೆ ಪೇದೆ ಹಾಳೆ ಎಳೆದುಕೊಂಡು, “ಫೋಟೋ ಬೇರೆ ಯಾತಕ್ಕೆ,” ಎಂದು ಜೆರಾಕ್ಸ್ ಯಂತ್ರದ ಹತ್ತಿರ ಹೋಗಿದ್ದ.

ಮನೆಯ ಗೇಟಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿದ್ದಳು. ಸುದ್ದಿ ಕೇಳಿ ಓಡಿಬಂದು ಅಕ್ಕಪಕ್ಕದ ಮನೆಗಳನ್ನೆಲ್ಲ ತಟ್ಟಿ ಮುಗಿಸಿದ್ದಳು. ಅವನು ವಾಪಸು ತಂದಿದ್ದ ಮೂಲ ಹಾಳೆ ಇಸಿದುಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು.

“ಯಾರಿದು?”

“ಅಮ್ಮ.”

“ಅತ್ತೆ ಹೀಗಿದಾರಾ?”

“ಗಾಬರೀಲಿ ಬರೆದದ್ದು.”

“ಗಾಬರೀಲಿ ಬರೆದ ಹಾಗಿಲ್ಲ. ತುಂಬಾ ಚೆನ್ನಾಗಿದೆ.” ಹಾಳೆ ವಾಪಸು ಕೊಟ್ಟಳು. “ಸರಿ ಮಾಡಿ ಮತ್ತೆ.”

ಗೇಟಿನ ಕಂಬಕ್ಕೆ ಹಾಳೆ ಒತ್ತಿ ಸರಿಮಾಡಲು ನೋಡಿದ. ಗಲ್ಲ ತಗ್ಗಿಸಿದ. ಹುಬ್ಬು ಮೇಲಕ್ಕೆತ್ತಿದ. ತುಟಿಯ ಕೊನೆ ಅಳಿಸಿ ಮತ್ತೆ ಎಳೆದ. ತಿದ್ದಿದಷ್ಟೂ ಚಿತ್ರ ಕಳೆಗಟ್ಟಿತು, ಅಮ್ಮ ದೂರವಾದಳು. ನೀನಾದರೂ ಹೇಳು, ಹೇಗಿದ್ದಾಳೆ ಎಂದ. ನೋಡಿದರೆ ಗೊತ್ತಾಗುತ್ತದೆ, ಹೇಳಲು ಬರುವುದಿಲ್ಲ, ಅದು ನಿಮ್ಮ ಕೆಲಸವಲ್ಲವೇ ಎಂದಳು ಅವಳು.

ಆಮೇಲೆ ಅವನ ಕಡೆ ನೋಡದೆ ಕೇಳಿದಳು:

“ಅವರು ಹೋದಾಗ ನೀವೆಲ್ಲಿದ್ರಿ?”

“ಸ್ನಾನಕ್ಕೆ ಹೋಗಿದ್ದೆ.”

“ಬಚ್ಚಲು ಒಣಗಿದೆ ರೀ.”

ತಾನು ನದಿಯ ಕಡೆ ನೋಡಿಬರುತ್ತೇನೆ ಎಂದು ಹೊರಟುಬಿಟ್ಟಳು. ಹೊಸಿಲು ದಾಟಿ ಬಂದ ಮೊದಲ ವರ್ಷ ಅತ್ತೆಯ ಜೊತೆ ಜಗಳವಾಡಿ ಅದೇ ನದಿಯ ಕಡೆ ಹೋದವಳು ಅವಳು; ಕರೆದುಕೊಂಡು ಬಂದವಳು ಅತ್ತೆಯೇ. ಅವನು ಆಗಲೂ ಏನೋ ಬರೆಯುತ್ತಿದ್ದ.

ಅವನು ಪೇಟೆಯ ಕಡೆ ನಡೆದ. ಬ್ರೆಡ್ಡಿನ ಅಂಗಡಿಯವನು ಚಿತ್ರ ನೋಡಿ, ಓಹೋ ಈ ಅಜ್ಜಿ ಗೊತ್ತು, ಎಷ್ಟು ಸಲ ನೋಡಿದ್ದೇನೆ ಎಂದ. ಎಲ್ಲಿ ಎಂದರೆ ನೆತ್ತಿ ಕೆರೆದುಕೊಂಡು, ಬಸ್ ನಿಲ್ದಾಣದ ಕಡೆ ಇರಬೇಕು ಎಂದ. ಅಲ್ಲಿಯ ಕಂಡಕ್ಟರೂ ನೋಡಿದ್ದ. ಆಸ್ಪತ್ರೆಯ ದಾರಿಯಲ್ಲಿ ಇಳಿದ ನೆನಪು. ಆಸ್ಪತ್ರೆಯ ಮುಂದೆ ಹೂ ಮಾರುವವಳು ಕಣ್ಣಲ್ಲಿ ನೀರು ತಂದುಕೊಂಡು, ಈ ತಾಯಿ ಮುಖ ಮರೆಯುವ ಹಾಗಿದೆಯೇ, ಈಗ ತಾನೆ ಉದ್ಯಾನದ ಕಡೆ ಹೋದರು ಎಂದಳು. ಅವನು ಓಡಿದ. ಉದ್ಯಾನದಲ್ಲಿ ಒದ್ದೆ ಬೆಂಚುಗಳಿದ್ದವು.

ಇಷ್ಟು ಜನ ಕಂಡವಳು ಎಲ್ಲಿಯೂ ಇಲ್ಲ.

ಕೊನೆಗೆ ಕ್ಷೌರದ ಅಂಗಡಿಯವನು, ಒಂದು ಗಲ್ಲ ಸೋಪು ಒಂದು ಗಲ್ಲ ನುಣುಪು ಇದ್ದ ಗಿರಾಕಿಯನ್ನು ಹಾಗೇ ಬಿಟ್ಟು, ಹಳೆಯ ವಾರಪತ್ರಿಕೆಗಳ ಕಟ್ಟಿನಿಂದ ಒಂದನ್ನು ಎಳೆದು ಬಿಡಿಸಿದ. “ಇವರೇ ತಾನೆ? ಪಾಪ, ಸೊಸೆ ಹೊರಗೆ ಹಾಕಿಬಿಡ್ತಾಳೆ. ಮುಂದಿನ ವಾರ ಮಗ ಬರ್ತಾನೆ ಅಂತ ಇತ್ತು. ಬಂದ್ನಾ?”

ಸೋಪಿನ ಗಿರಾಕಿ ಕನ್ನಡಿಯಲ್ಲೇ ಹೇಳಿದ: “ಬರಲಿಲ್ಲ. ಕತೆ ಎಳೀತಾ ಇದಾರೆ.”

ಅವನು ಬೀದಿಗೆ ಬಂದ. ಪೇಟೆಯ ಕಂಬ ಕಂಬಕ್ಕೂ ಆ ಮುಖ ಅಂಟಿಕೊಂಡಿತ್ತು. ಈಗಲೇ ಠಾಣೆಗೆ ಹೋಗಿ, ತಪ್ಪಾಯಿತು, ಇದನ್ನು ಹಿಡಿದು ಹುಡುಕಬೇಡಿ ಎಂದು ಹೇಳಿಬಿಡಬೇಕು ಎಂದುಕೊಂಡ. ಹೇಳಲು ಎರಡು ಮಾತು ಜೋಡಿಸುತ್ತಿದ್ದಾಗಲೇ ಠಾಣೆಯಿಂದ ಫೋನ್ ಬಂತು. ಸಿಕ್ಕಿದ್ದಾರೆ, ಬನ್ನಿ.

ಹೊತ್ತು ಇಳಿದಿತ್ತು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಒಳಗೆ ಬೆಂಚಿನ ಮೇಲೆ ಅವಳು ಕೂತಿದ್ದಳು.

ಇಳಿಬಿದ್ದ ರೆಪ್ಪೆ. ಬಾಗಿದ ಮೂಗು. ತುಟಿಯ ಕೊನೆ, ಅವನು ಅಳಿಸಿ ಮತ್ತೆ ಎಳೆದ ಕಡೆಯಲ್ಲೇ, ಕೆಳಕ್ಕೆ.

“ಕೈ ಅಂದ್ರೆ ಕೈ ಸಾರ್ ನಿಮ್ದು,” ಎಂದ ಪೇದೆ. ಪೇದೆಯ ಮುಖ ಅರಳಿತ್ತು. “ರೈಲ್ವೆ ಗೇಟಿನ ಹತ್ರ ನಿಂತಿದ್ರಂತೆ. ಕಂಡ ತಕ್ಷಣ ಗೊತ್ತಾಯ್ತು.”

“ಇವರಲ್ಲ.”

“ಏನು?”

“ಇವರು ನಮ್ಮಮ್ಮ ಅಲ್ಲ. ಅಮ್ಮ ನೀಲಿ ಸ್ವೆಟರ್ ಹಾಕಿದ್ದಳು.”

“ಸ್ವೆಟರ್ ಎಲ್ಲಾದ್ರೂ ಬಿಟ್ಟಿರ್ತಾರೆ.” ಪೇದೆ ಮುದುಕಿಯ ಕಡೆ ಬಗ್ಗಿದ. “ಅಜ್ಜಿ, ಇವರು ಯಾರು?”

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮೋನೇ,” ಎಂದಳು. “ಯಾವಾಗ್ಲೂ ಹೀಗೇ, ತಡ.”

ಹೆಂಡತಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಪೇದೆ ಅದನ್ನೆಲ್ಲ ನೋಡುತ್ತಿದ್ದ. ಅರಳಿದ ಮುಖ ನಿಧಾನವಾಗಿ ಮುಚ್ಚಿಕೊಂಡಿತು.

“ನೋಡಿ ಸಾರ್. ಮನೆಗೆ ಕರ್ಕೊಂಡು ಹೋಗೋಕೆ ಇಷ್ಟ ಇಲ್ದೆ ಹೀಗೆ ಹೇಳೋರನ್ನ ನಾವು ಇಲ್ಲಿ ಕಂಡಿದೀವಿ. ನೀವು ಓದಿದೋರು.”

“ಚಿತ್ರ ತಪ್ಪು,” ಎಂದ ಅವನು. “ನಾನು ಬರೆದದ್ದೇ ತಪ್ಪು.”

ಪೇದೆ ಹಾಳೆಯನ್ನು ಮುದುಕಿಯ ಮುಖದ ಪಕ್ಕ ಹಿಡಿದ. ಅತ್ತ ನೋಡಿದ, ಇತ್ತ ನೋಡಿದ. ಮೇಜಿನಿಂದ ಪೆನ್ಸಿಲು ತೆಗೆದು ಕೊಟ್ಟ.

“ಆಯ್ತು, ಸರಿ ಮಾಡಿ. ಎಲ್ಲಿ ವ್ಯತ್ಯಾಸ ತೋರಿಸಿ. ತೋರಿಸಿದ್ರೆ ಇನ್ನೂ ಹುಡುಕಿಸ್ತೀನಿ.”

ಅವನು ಹಾಳೆಯ ಮೇಲೆ ಪೆನ್ಸಿಲು ಊರಿದ. ಅಲ್ಲ ಎಂಬುದು ಗೊತ್ತಿತ್ತು, ಹಸಿವು ಗೊತ್ತಾಗುವ ಹಾಗೆ ಗೊತ್ತಿತ್ತು. ಆದರೆ ಅಲ್ಲ ಎಂದು ತೋರಿಸಲು ಹೌದು ಎಂಬುದು ಕಣ್ಣೆದುರಿಗೆ ಇರಬೇಕು. ಮೂಗಿನ ಹತ್ತಿರ ಹೋದ, ಗೆರೆ ಬೀಳಲಿಲ್ಲ. ಹುಬ್ಬಿನ ಹತ್ತಿರ ಹೋದ. ಅಡುಗೆಮನೆಯ ಸ್ಟೂಲು ಕಂಡಿತು, ಮಡಿಲಲ್ಲಿ ಕೈಗಳು ಕಂಡವು, ಬೆರಳಿನ ಒಂದೊಂದು ಗೆಣ್ಣೂ ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಕಿಟಕಿಯ ಬಿಳಿ ಬೆಳಕು ಇತ್ತು.

ಪೇದೆ ಸ್ವಲ್ಪ ಹೊತ್ತು ಕಾದ. ಆಮೇಲೆ ಬಾಗಿಲ ಕಡೆ ತಿರುಗಿ, ಅಂಟಿಸಿದ್ದನ್ನೆಲ್ಲ ಕಿತ್ತುಹಾಕಲು ಹೇಳಿದ. ಸಿಕ್ಕಿದ್ದಾರೆ ಎಂದು ಎಲ್ಲ ಕಡೆಗೂ ತಿಳಿಸಲು ಹೇಳಿದ.

ಹೊರಗೆ ಕಾಂಪೌಂಡಿನ ಗೋಡೆಯಿಂದ ಕಾಗದ ಹರಿಯುವ ಸದ್ದು ಶುರುವಾಯಿತು. ಬೀದಿದೀಪ ಹತ್ತಿತು. ಅವನು ಪೆನ್ಸಿಲು ಹಿಡಿದು ನಿಂತೇ ಇದ್ದ. ಮುದುಕಿ ಕೈಯಲ್ಲಿ ಬೆಂಚನ್ನು ಒರೆಸಿ, ಒಂದಿಷ್ಟು ಆಚೆ ಸರಿದು, ಅವನಿಗೆ ಜಾಗ ಮಾಡಿಕೊಟ್ಟಳು.